ಮಾಸ್ತರರು ಯಾರ ಹತ್ತಿರ ಕಲೀಬೇಕು?

ನಮ್ಮ ಆಫೀಸಿನಲ್ಲಿ ಒಬ್ಬ ಬರೆದ ಕೋಡನ್ನ ಇನ್ನೊಬ್ಬ ನೋಡದೆ ಮುಂದೆ ಕಳಿಸೋ ಹಾಗಿಲ್ಲ. ಅದನ್ನ ಯಾರೂ ಅವಮಾನ ಅಂದ್ಕೊಳ್ಳಲ್ಲ. ಆದರೆ ಒಬ್ಬ ಮಾಸ್ತರರ ಪಾಠವನ್ನ ಇನ್ನೊಬ್ಬ ಮಾಸ್ತರರು ಕೂತು ನೋಡೋದು ಯಾವಾಗ? ನಮ್ಮೂರ ಸಾಲಿಗೆ ನೋಡೋಕೆ ಬರ್ತಿದ್ದವರು ಸಾಹೇಬರು ಮಾತ್ರ, ಅದೂ ತಪಾಸಣೆಗೆ.

ನಮ್ಮ ಬೀದರ್ ಇದಕ್ಕಿಂತ ಬೇರೆ ರೀತಿಯ ಸಾಲಿಯನ್ನ ಕಂಡಿದೆ. ಇರಾನಿನ ಗಿಲಾನಿನಿಂದ ಬಂದು ಬಹಮನಿ ವಜೀರನಾದ ಮಹಮೂದ್ ಗಾವಾನ್ 1472ರಲ್ಲಿ ಮೂರಂತಸ್ತಿನ ಮದರಸಾ ಕಟ್ಟಿಸಿದ. ಪಾಠದ ಕೋಣೆ, ಗ್ರಂಥಾಲಯ, ಮಸೀದಿ, ಹುಡುಗರ ಖೋಲಿ ಎಲ್ಲ ಅಲ್ಲೇ. ಗುರುಗಳ ವಾಸವೂ ಅಲ್ಲೇ. ಕಲಿಸುವವರು ಒಂದೇ ಸೂರಿನಡಿ ಇದ್ದರೆ ಪಾಠ ಮುಗಿದರೂ ಮಾತು ಮುಗಿಯೋದಿಲ್ಲ. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಹಾಳಾಯಿತು.

ಈ ಕಾಲದ ಉದಾಹರಣೆ ಬೇಕಂದ್ರೆ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಗೆ ಹೋಗಬೇಕು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿ 'ನಲಿ ಕಲಿ' ಶುರುವಾಯಿತು. ಸರಕಾರಿ ಸಾಲಿಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಸಾಲಿಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯೋದನ್ನ ನೋಡಿಬಂದರು. ವಾಪಸು ಬಂದು ಕೂಡಿ ಕೂತು ಕನ್ನಡದ ಕಾರ್ಡು, ಆಟ, ಕಲಿಕಾ ಏಣಿ ತಾವೇ ತಯಾರಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಸಾಲಿಗಳಿಗೆಲ್ಲ ಹೋಯಿತು. ಕಾರ್ಡು ಎಲ್ಲರಿಗೂ ಸಿಕ್ಕವು. ಆದರೆ ಕೂಡಿ ಕೂತು ತಯಾರಿಸಿದವರ ಅನುಭವವನ್ನ ಡಬ್ಬಿಯಲ್ಲಿ ತುಂಬಿ ಕಳಿಸೋಕಾಗಲ್ಲ.

ಹಾಗಂತ ಶಿಕ್ಷಕರು ಸೇರೋ ಜಾಗವೇ ಇಲ್ಲ ಅಂತಲ್ಲ. ಕ್ಲಸ್ಟರ್ ಮಟ್ಟದಲ್ಲಿ ಸಮಾಲೋಚನಾ ಸಭೆ ಇದೆ. ಸುತ್ತಲಿನ ಸಾಲಿಯವರು ಒಂದೆಡೆ ಸೇರಿ ಪಾಠದ ಮಾತಾಡಲಿ ಅಂತಲೇ ಅದು ಇರೋದು. ಎಷ್ಟೋ ಸಲ ಸುತ್ತೋಲೆ ಓದಿ, ಅಂಕಿ-ಅಂಶ ತುಂಬೋದರಲ್ಲೇ ಹೊತ್ತು ಹೋಗುತ್ತೆ.

ನೌಬಾದದ ಕರೇಜ್ ನೋಡಿದ್ದೀರಾ? ಬಹಮನಿ ಕಾಲದಲ್ಲಿ ಕಲ್ಲು ಕೊರೆದು ಮಾಡಿದ ನೀರಿನ ಸುರಂಗ. ಮೇಲಿಂದ ಬಿಡಿ ಬಿಡಿ ಬಾವಿಗಳಂತೆ ಕಾಣುತ್ತೆ, ಕೆಳಗೆ ನೀರು ಒಂದೇ. ಹೂಳು ತುಂಬಿದರೆ ಬಾವಿ ಉಳಿದರೂ ಹರಿವು ನಿಲ್ಲುತ್ತೆ. ನಮ್ಮ ಸಭೆಗಳಲ್ಲಿ ತುಂಬಿರೋದೂ ಹೂಳೇ.

ಊರಿನ ಸಾಲಿಗೆ ಬಣ್ಣ ಹೊಡೆಸೋರು, ಕಂಪ್ಯೂಟರ್ ಕೊಡೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀವಿ. ಮುಂದಿನ ಸಲ ಹೋದಾಗ ಮಾಸ್ತರರನ್ನ ಒಂದು ಮಾತು ಕೇಳಿ: "ಸರ್, ಪಾಠ ಹತ್ತಲಿಲ್ಲ ಅಂದ್ರೆ ನೀವು ಯಾರ ಜೋಡಿ ಮಾತಾಡ್ತೀರಿ?" ಅವರು ತಡವರಿಸಿದರೆ, ಆ ಸಾಲಿಗೆ ಬೇಕಿರೋದು ಏನಂತ ಗೊತ್ತಾಗುತ್ತೆ.