ಹೊಲಿದ ಹಡಗಿನ ಸಿದ್ಧತೆ ಮತ್ತು ಪ್ರಶಸ್ತಿಗಳ ಮೌನ

ಮಡಕಶಿರ ಸೀಮೆಯ ಹೇಮಾವತಿಯಿಂದ ಯಾವ ದಿಕ್ಕಿಗೆ ಹೊರಟರೂ ಕಡಲು ದೂರ. ನೊಳಂಬರ ರಾಜಧಾನಿಯಾಗಿದ್ದ ಈ ಹೆಂಜೇರಿನ ಚರಿತ್ರೆಯನ್ನು ದೇಗುಲ, ದತ್ತಿ, ಕದನಗಳ ಮೂಲಕ ಓದುವುದು ನಮ್ಮ ರೂಢಿ. ಆದರೆ ಇಲ್ಲಿನ ಕಡೆದ ಕಂಬಗಳಲ್ಲಿ ಹಲವು ಈಗ ತಂಜಾವೂರಿನ ಬಳಿಯ ತಿರುವೈಯಾರಿನ ಗುಡಿಯಲ್ಲಿವೆ. ಚೋಳರು ಗೆಲುವಿನ ಗುರುತಾಗಿ ಒಯ್ದವು ಅವು. ಅದೇ ಚೋಳರ ರಾಜೇಂದ್ರ 1025ರ ಹೊತ್ತಿಗೆ ಕಡಾರದ ಮೇಲೆ ನೌಕಾದಂಡೆತ್ತಿದ. ಹಲವು ಹಡಗುಗಳನ್ನು ಕಳುಹಿಸಿದ ಸಂಗತಿಯನ್ನು ಅವನ ಪ್ರಶಸ್ತಿ ಹೇಳುತ್ತದೆ. ಅವನ್ನು ಹೇಗೆ ಸಜ್ಜುಗೊಳಿಸಿದರು, ನಾವಿಕರು ಏನು ಕಲಿತು ಹೊರಟರು ಎಂಬುದನ್ನು ಹೇಳುವುದಿಲ್ಲ.

ಕನ್ನಡ ನಾಡಿನ ಶಾಸನಗಳೂ ಈ ವಿಷಯದಲ್ಲಿ ಉದಾರವಾಗಿಲ್ಲ. 634ರ ಐಹೊಳೆ ಶಾಸನ ಇಮ್ಮಡಿ ಪುಲಕೇಶಿಯು ಪುರಿಯನ್ನು ಮುತ್ತಿದ ನೂರಾರು ನಾವೆಗಳನ್ನು ಮದಗಜಗಳಿಗೆ ಹೋಲಿಸುತ್ತದೆ. ಉಪಮೆಗೆ ಆನೆ ದೊರೆಯಿತು. ಹಲಗೆಗೂ ಹಗ್ಗಕ್ಕೂ ಜಾಗ ಸಿಗಲಿಲ್ಲ. ಶಿಕಾರಿಪುರ ಪ್ರದೇಶದ 11ನೆಯ ಶತಮಾನದ ಶಾಸನವೊಂದು ಅಯ್ಯಾವೊಳೆಯ ವರ್ತಕರು ನೆಲದಾರಿ ಜಲದಾರಿಗಳೆರಡರಲ್ಲೂ ಸಂಚರಿಸುವವರೆಂದು ಹೊಗಳಿ ಅವರ ಸರಕುಗಳನ್ನು ಎಣಿಸುತ್ತದೆ. ಸರಕು ಹೊತ್ತ ಹಡಗಿನ ವಿಚಾರಕ್ಕೆ ಅದು ಕೈಹಾಕುವುದಿಲ್ಲ.

ಅದೇ ಐನೂರ್ವರು ಸುಮಾತ್ರದ ಬಾರೂಸಿನಲ್ಲಿ ಶಕ 1010ರಲ್ಲಿ, ಎಂದರೆ 1088ರಲ್ಲಿ, ನೆಡಿಸಿದ ಕಲ್ಲು ಹೆಚ್ಚು ಬಾಯಿಬಿಡುತ್ತದೆ. ಸಂಘದ ಹೆಸರು ಕನ್ನಡದ ಊರಿನದು, ಕಲ್ಲಿನ ಭಾಷೆ ತಮಿಳು. ಹಡಗಿನ ನಾಯಕನೂ ಅವನ ಆಳುಗಳಾದ ‘ಕೇವಿ’ಗಳೂ ಕಸ್ತೂರಿಯ ಬೆಲೆಗೆ ಹೊಂದಿಸಿ ಚಿನ್ನದಲ್ಲಿ ಸುಂಕ ತೆತ್ತ ಮೇಲೆಯೇ ಹಾಸಿದ ಪಾವಡೆಯ ಮೇಲೆ ಕಾಲಿಡಬೇಕು ಎಂಬುದು ಅದರ ಕಟ್ಟಳೆ. ಇದರಿಂದ ಸಿದ್ಧತೆಯ ಒಂದು ಅಂಶವಾದರೂ ಊಹೆಗೆ ನಿಲುಕುತ್ತದೆ: ಯಾನಕ್ಕೆ ಹೊರಡುವವರು ಆಚೆ ದಡದ ಚಿನ್ನದ ಲೆಕ್ಕವನ್ನೂ ಮೊದಲೇ ಹಾಕಿಕೊಂಡಿರಬೇಕು. ಹೊಗಳಿಕೆಗಿಂತ ಕಟ್ಟಳೆ ಚರಿತ್ರಕಾರನಿಗೆ ಹೆಚ್ಚು ಪ್ರಾಮಾಣಿಕ ಎಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ.

ಬರಹ ಬಿಟ್ಟದ್ದನ್ನು ತುಂಬಿಕೊಳ್ಳಬೇಕಾದರೆ ಹಡಗನ್ನೇ ಮತ್ತೆ ಕಟ್ಟಿ ನೋಡಬೇಕಾಗುತ್ತದೆ. ‘ಕೌಂಡಿನ್ಯ’ ನೌಕೆಯಲ್ಲಿ ನಡೆದದ್ದು ಇದೇ. ಆಧಾರ ಅಜಂತೆಯ 5ನೆಯ ಶತಮಾನದ ಒಂದು ಚಿತ್ರ ಮಾತ್ರ. ಚಿತ್ರದಲ್ಲಿ ಹಾಯಿಯಿದೆ, ಹುಟ್ಟಿನಂಥ ಚುಕ್ಕಾಣಿಯಿದೆ; ಅಳತೆಯಿಲ್ಲ, ಒಳಗಿನ ರಚನೆಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಗೋವೆಯಲ್ಲಿ ಕೆಲಸ ಮೊದಲಾಯಿತು. ಬಾಬು ಶಂಕರನ್ ಅವರ ಮುಂದಾಳುತನದಲ್ಲಿ ಕೇರಳದ ಕುಶಲಕರ್ಮಿಗಳು ಹಲಗೆ ಹಲಗೆಗೆ ತೂತು ಕೊರೆದು, ಕತ್ತದ ಹಗ್ಗದಿಂದ ಹೊಲಿದು, ಸಂದುಗಳಿಗೆ ನಾರು ಒತ್ತಿ, ರಾಳ ಬಳಿದರು. ಮೊಳೆ ಹೊಡೆದ ಹಡಗು ಅಲೆಯನ್ನು ಬಿಗಿಯಾಗಿ ಎದುರಿಸುತ್ತದೆ. ಹೊಲಿದದ್ದು ತುಸು ಬಾಗಿ ಸಹಿಸಿಕೊಳ್ಳುತ್ತದೆ. ಆದರೆ ಹೊಲಿಗೆ ಸಡಿಲಿಸದಂತೆ ಕಾಯುವ ಹೊಣೆ ಯಾನದುದ್ದಕ್ಕೂ ನಾವಿಕರದೇ. ಮದರಾಸಿನ ಐಐಟಿ ಪುಟ್ಟ ಮಾದರಿಯನ್ನು ನೀರಿನಲ್ಲಿ ಪರೀಕ್ಷಿಸಿತು. ನೌಕಾಪಡೆಯ ಈಗಿನ ಬೇರೆ ಯಾವ ಹಡಗಿಗೂ ಪಕ್ಕದ ಹುಟ್ಟು-ಚುಕ್ಕಾಣಿಗಳಿಲ್ಲ. ಆದ್ದರಿಂದ ಪಳಗಿದ ನಾವಿಕರೂ ಇಲ್ಲಿ ಅ ಆ ಇ ಈಯಿಂದ ಕಲಿಯಬೇಕಾಯಿತು. ಎಂಜಿನ್ ಇಲ್ಲದ ಹಡಗಿನಲ್ಲಿ ಗಾಳಿಯನ್ನು ಓದಲು ಬಾರದವನು ಬರಿಯ ಭಾರ.

2025ರ ಮೇ 21ರಂದು ಕಾರವಾರದಲ್ಲಿ ಕೌಂಡಿನ್ಯ ನೌಕಾಪಡೆಗೆ ಸೇರಿತು. ಪೋರಬಂದರಿನಿಂದ ಮಸ್ಕತ್ತಿಗೆ ಹೊರಟದ್ದು ಡಿಸೆಂಬರ್ 29ರಂದು. ನಡುವಿನ ಏಳು ತಿಂಗಳನ್ನು ತಡವೆನ್ನಲಾಗದು. ನೈರುತ್ಯ ಮಾರುತ ಎದುರು ನಿಂತಾಗ ಹಾಯಿಹಡಗು ಪಡುವಣಕ್ಕೆ ಹೊರಡದು. ಈಶಾನ್ಯದ ಗಾಳಿ ಬೀಸತೊಡಗಿದಾಗ ಅದೇ ಕಡಲು ದಾರಿ ಕೊಡುತ್ತದೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದು ಏಡನ್ನಿನೊಡನೆ ಅಡಿಕೆ, ಮೆಣಸುಗಳ ವ್ಯಾಪಾರ ನಡೆಸಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವೂ ಈ ಗಾಳಿಗಳ ಪಂಚಾಂಗಕ್ಕೆ ಬದ್ಧನಾಗಿದ್ದ. ಅವನ ಪತ್ರವ್ಯವಹಾರ ಉಳಿದಿರುವುದು ಯೆಹೂದಿ-ಅರಬ್ಬಿಯಲ್ಲಿ, ಕೈರೋದ ಗೆನಿಜಾದಲ್ಲಿ.

ಕೌಂಡಿನ್ಯದ ಹಾಯಿಯ ಮೇಲೆ ಗಂಡಭೇರುಂಡವಿದೆ. ಬಳ್ಳಿಗಾವೆಯ 1047ರ ಸ್ತಂಭ ನೆನಪಾಗಿ ನಾವು ಹಿಗ್ಗುವುದು ಸಹಜ. ಆದರೆ ಲಾಂಛನದ ಒಡೆತನವನ್ನು ಸಾಧಿಸುವ ಮೊದಲು ಅದರ ಕೆಳಗಿನ ಹಗ್ಗವನ್ನು ನೋಡಬೇಕು: ಹೊಸೆದ ಕೈ, ಹೊಲಿದ ಕೈ ಯಾವ ಭಾಷೆಯಲ್ಲಿ ಎಣಿಸುತ್ತಿತ್ತು? ಕನ್ನಡದ ಕಡಲಚರಿತ್ರೆಯನ್ನು ಸಂಸ್ಕೃತ, ತಮಿಳು, ಅರಬ್ಬಿಗಳಲ್ಲಿ ಹುಡುಕಬೇಕಾಗಿ ಬಂದಿರುವುದನ್ನು ಕೊರತೆಯೆಂದು ನಾನು ಭಾವಿಸುವುದಿಲ್ಲ. ಹೆಂಜೇರಿನ ಕಂಬಗಳನ್ನು ನೋಡಲು ಕಾವೇರಿಯ ದಡಕ್ಕೆ ಹೋಗುವುದು ಗಡಿಯ ಕನ್ನಡಿಗರಿಗೆ ಹೊಸದಲ್ಲ.