ಆಸ್ಟ್ರೇಲಿಯದ ಬೆಂಕಿದಾರಿಗಳು

ರಾಜಮಾರ್ಗಗಳಿಗೆ ಚರಿತ್ರೆಯುಂಟು, ಕಾಡುದಾರಿಗಳಿಗಿಲ್ಲ ಎಂದು ಸಾಮಾನ್ಯವಾಗಿ ಎಣಿಸುವರು. ದಂಡು ನಡೆದ ಹೆದ್ದಾರಿ, ವ್ಯಾಪಾರಿಗಳ ಎತ್ತುಗಳು ಇಳಿದ ಘಟ್ಟದ ದಾರಿ, ಯಾತ್ರಿಕರು ಸವೆಸಿದ ಮೆಟ್ಟಿಲು, ಇವುಗಳ ವಿಷಯವಾಗಿ ಶಾಸನಗಳೂ ಕೈಫಿಯತ್ತುಗಳೂ ಉಳಿದುಬಂದಿವೆ. ಆದರೆ ಯಾವ ಊರನ್ನೂ ಸೇರಿಸದೆ, ನಿರ್ಜನವಾದ ಕಾಡಿನ ನಡುವೆ ಬೆಟ್ಟದ ನೆತ್ತಿಯ ಮೇಲೆ ಸಾಗಿ, ಒಂದು ಕಣಿವೆಯಲ್ಲಿ ಕೊನೆಗಾಣುವ ದಾರಿಯನ್ನು ಯಾರು ಮಾಡಿದರು, ಏತಕ್ಕಾಗಿ ಮಾಡಿದರು ಎಂದು ವಿಚಾರಿಸುವವರು ವಿರಳ. ಆಸ್ಟ್ರೇಲಿಯ ಖಂಡದ ಆಗ್ನೇಯ ಭಾಗದಲ್ಲಿ, ವಿಕ್ಟೋರಿಯ ಮತ್ತು ನ್ಯೂ ಸೌತ್ ವೇಲ್ಸ್ ಪ್ರಾಂತಗಳ ಕಾಡುಗಳಲ್ಲಿ, ಇಂತಹ ದಾರಿಗಳು ಸಾವಿರಾರು ಮೈಲಿಗಳಷ್ಟಿವೆ. ಅಲ್ಲಿಯವರು ಇವನ್ನು ‘ಫೈರ್ ಟ್ರೇಲ್’ ಎಂದು ಕರೆಯುವರು. ನಾವು ಬೆಂಕಿದಾರಿ ಎನ್ನಬಹುದು. ಇವುಗಳ ಹಿಂದೆ ನೂರಾರು ಜನರ ಸಾವೂ, ಒಂದು ಸಮಾಜವು ತನ್ನ ತಪ್ಪನ್ನು ಅರಿತುಕೊಂಡ ಕಥೆಯೂ ಅಡಗಿರುವುದರಿಂದ, ಅದನ್ನು ವಾಚಕರ ಮುಂದಿಡಲು ಈ ಲೇಖನದಲ್ಲಿ ಯತ್ನಿಸಿದೆ.

ಅಲ್ಲಿಯ ಕಾಡಿಗೆ ‘ಬುಷ್’ ಎಂದು ಹೆಸರು. ಅದರಲ್ಲಿ ಹೆಚ್ಚಾಗಿ ಬೆಳೆಯುವುವು ನಾವು ನೀಲಗಿರಿಯೆಂದು ಕರೆಯುವ ಯೂಕಲಿಪ್ಟಸ್ ಕುಲದ ಮರಗಳು. ನೆಗಡಿಯಾದಾಗ ಆ ಮರದ ಎಣ್ಣೆಯನ್ನು ಬಿಸಿನೀರಿಗೆ ಹಾಕಿ ಹಬೆ ತೆಗೆದುಕೊಳ್ಳದ ಮನೆ ನಮ್ಮಲ್ಲಿ ಅಪರೂಪ. ನಮಗೆ ಔಷಧವಾದ ಆ ಎಣ್ಣೆಯೇ ಅಲ್ಲಿಯ ಕಾಡಿನಲ್ಲಿ ಬೆಂಕಿಗೆ ಆಹಾರ. ನಮ್ಮ ಮಾರ್ಗಶಿರದಿಂದ ಮಾಘದವರೆಗಿನ ಕಾಲವು ಅವರಿಗೆ ಬೇಸಗೆ. ಆಗ ಉತ್ತರದ ಮರುಭೂಮಿಯಿಂದ ಒಣಗಾಳಿ ಬೀಸುವುದು. ಮರದಡಿಯ ತರಗು, ಪಟ್ಟೆಪಟ್ಟೆಯಾಗಿ ಸುಲಿದು ನೇತಾಡುವ ತೊಗಟೆ, ಎಣ್ಣೆ ತುಂಬಿದ ಎಲೆ ಎಲ್ಲವೂ ಒಂದು ಕಿಡಿಗಾಗಿ ಕಾದಿರುವುವು.

ಈ ನೆಲದಲ್ಲಿ ಐವತ್ತು ಸಾವಿರ ವರ್ಷಗಳಿಗೂ ಹಿಂದಿನಿಂದ ಬಾಳಿದ ಮೂಲನಿವಾಸಿಗಳು ಬೆಂಕಿಯನ್ನು ಶತ್ರುವೆಂದು ತಿಳಿಯಲಿಲ್ಲ. ತಂಪಾದ ಕಾಲವನ್ನು ನೋಡಿ ಅಲ್ಲಲ್ಲಿ ಸಣ್ಣ ಬೆಂಕಿಯನ್ನು ಹಚ್ಚಿ, ತರಗನ್ನು ಸುಟ್ಟು, ಹೊಸ ಹುಲ್ಲು ಚಿಗುರುವಂತೆ ಮಾಡುತ್ತಿದ್ದರು. ಆ ಹುಲ್ಲಿಗೆ ಕಾಂಗರೂಗಳು ಬರುತ್ತಿದ್ದುವು. ಅವರ ನಡೆದಾಟಕ್ಕೂ ದಾರಿ ತೆರವಾಗುತ್ತಿದ್ದಿತು. ನ್ಯೂ ಸೌತ್ ವೇಲ್ಸಿನ ಸರ್ವೆಯರ್ ಜನರಲ್ ಆಗಿದ್ದ ಥಾಮಸ್ ಮಿಚೆಲ್ಲನು ೧೮೪೮ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಗ್ರಂಥದಲ್ಲಿ, ಬೆಂಕಿ, ಹುಲ್ಲು, ಕಾಂಗರೂ ಮತ್ತು ಮನುಷ್ಯ ಈ ನಾಲ್ಕೂ ಒಂದನ್ನೊಂದು ಅವಲಂಬಿಸಿವೆಯೆಂದು ಗುರುತಿಸಿರುವನು. ಮೂಲನಿವಾಸಿಗಳನ್ನು ಓಡಿಸಿದ ಮೇಲೆ, ಹಿಂದೆ ಬಯಲಾಗಿದ್ದ ಕಾಡಿನಲ್ಲಿ ಎಳೆಯ ಮರಗಳು ಒತ್ತಾಗಿ ಮುತ್ತಿಕೊಂಡುದನ್ನೂ ಅವನು ಕಂಡನು. ಆದರೆ ಕಂಡುದರಿಂದ ಕಲಿಯುವ ಕಾಲ ಇನ್ನೂ ದೂರವಿದ್ದಿತು. ೧೮೫೧ನೆಯ ಇಸವಿ ಫೆಬ್ರವರಿ ೬ರಂದು, ‘ಕರಾಳ ಗುರುವಾರ’ವೆಂದು ಹೆಸರಾದ ದಿನ, ವಿಕ್ಟೋರಿಯದಲ್ಲಿ ಸುಮಾರು ೫೦ ಲಕ್ಷ ಹೆಕ್ಟೇರು ನೆಲವು ಬೆಂಕಿಗೆ ತುತ್ತಾಯಿತು.

ಬಿಳಿಯರ ದಾರಿಗಳು ಬೇರೆ ಉದ್ದೇಶದಿಂದ ಹುಟ್ಟಿದುವು. ೧೮೧೩ರಲ್ಲಿ ಬ್ಲಾಕ್ಸ್‌ಲೆಂಡ್, ಲಾಸನ್, ವೆಂಟ್‌ವರ್ತ್ ಎಂಬ ಮೂವರು ಸಿಡ್ನಿಯ ಪಶ್ಚಿಮದ ನೀಲಪರ್ವತಗಳಲ್ಲಿ ಕಣಿವೆಯನ್ನು ಬಿಟ್ಟು ಬೆಟ್ಟದ ಏಣನ್ನೇ ಹಿಡಿದು ನಡೆದರು. ೧೮೧೪ರ ಜುಲೈಯಿಂದ ೧೮೧೫ರ ಜನವರಿಯವರೆಗೆ ವಿಲಿಯಮ್ ಕಾಕ್ಸನು ಸುಮಾರು ಮೂವತ್ತು ಮಂದಿ ಕೈದಿಗಳಿಂದ ಆ ಜಾಡಿನಲ್ಲಿ ೧೦೧ ಮೈಲಿಗಳ ರಸ್ತೆಯನ್ನು ಮಾಡಿಸಿದನು. ಏಣಿನ ಮೇಲಣ ದಾರಿಗೆ ಸೇತುವೆ ಬೇಡ. ಮಳೆಯ ನೀರು ಎರಡು ಕಡೆಗೂ ಇಳಿದುಹೋಗುವುದು. ಎರಡು ಕಣಿವೆಗಳೂ ಕಣ್ಣಿಗೆ ಬೀಳುವುವು. ಈ ಗುಣಗಳೇ ಮುಂದೆ ಬೆಂಕಿದಾರಿಗೂ ಆಧಾರವಾದುವು.

೧೮೬೧ರಲ್ಲಿ ವಿಕ್ಟೋರಿಯದ ವುಡ್ಸ್ ಪಾಯಿಂಟಿನಲ್ಲಿ ಚಿನ್ನ ದೊರಕಲು, ಹೇರುಕುದುರೆಗಳ ಜಾಡುಗಳು ಎತ್ತರದ ಬೆಟ್ಟಗಳನ್ನು ಹೊಕ್ಕುವು. ಚಿನ್ನ ಮುಗಿದರೂ ಮರ ಮುಗಿಯಲಿಲ್ಲ. ಅಲ್ಲಿಯ ಮೌಂಟನ್ ಆಷ್ ಎಂಬ ಮರವು ಹೂಬಿಡುವ ಸಸ್ಯಗಳಲ್ಲೆಲ್ಲ ಅತ್ಯಂತ ಎತ್ತರವಾದುದು. ಅದನ್ನು ಕಡಿದು ಕೊಯ್ಯುವ ಮಿಲ್ಲುಗಳು ಕಾಡಿನ ಹೊಟ್ಟೆಯಲ್ಲಿಯೇ ಎದ್ದುವು. ಕೂಲಿಕಾರರು ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಮರದ ಮನೆಗಳಲ್ಲಿ ವಾಸಿಸುತ್ತಿದ್ದರು. ಹೊರಕ್ಕೆ ಬರಲು ಹಲವೆಡೆಗಳಲ್ಲಿ ಮರವನ್ನು ಸಾಗಿಸುವ ಟ್ರಾಮಿನ ಹಳಿಯೊಂದೇ ಗತಿ. ಆ ಹಳಿಗೆ ಹಾಸಿದುದೂ ಮರ, ಹಳ್ಳ ದಾಟಿಸುತ್ತಿದ್ದ ಸೇತುವೆಯೂ ಮರ.

ಈ ನಡುವೆ ಅರಣ್ಯಶಾಸ್ತ್ರವು ಕಾಲಿಟ್ಟಿತು. ಅದು ಅಲ್ಲಿಗೆ ಬಂದ ದಾರಿಗಳಲ್ಲಿ ಒಂದು ನಮ್ಮ ದೇಶದ ಮೂಲಕವೇ ಎಂಬುದು ಗಮನಾರ್ಹ. ಹಿಂದೂಸ್ಥಾನದ ಅರಣ್ಯಗಳಲ್ಲಿ ೧೮೬೦ರ ದಶಕದಿಂದಲೇ ಬೆಂಕಿರೇಖೆಗಳನ್ನು ಕಡಿದು ಕಾಡನ್ನು ರಕ್ಷಿಸುವ ಪದ್ಧತಿ ಪ್ರಾರಂಭವಾಗಿದ್ದಿತು. ಭಾರತ ಸರ್ಕಾರದ ಅರಣ್ಯಗಳ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದ ರಿಬೆನ್‌ಟ್ರಾಪನು ವಿಕ್ಟೋರಿಯದ ಕಾಡುಗಳನ್ನು ಪರೀಕ್ಷಿಸಿದನು. ಅವನ ವರದಿಯು ೧೮೯೬ರಲ್ಲಿ ಪ್ರಕಟವಾಯಿತು. ೧೯೧೮ರ ಕಾಯಿದೆಯಿಂದ ಅಲ್ಲಿ ಒಂದು ಅರಣ್ಯ ಕಮಿಷನ್ ಸ್ಥಾಪಿತವಾಯಿತು. ಆದರೆ ಅದಕ್ಕೆ ಕೆಲಸ ಬಹಳ, ಹಣ ಸ್ವಲ್ಪ. ದನ ಮೇಯಿಸುವವರು ಹುಲ್ಲಿಗಾಗಿ ಬೆಂಕಿಯಿಡುತ್ತಿದ್ದರು. ಅರಣ್ಯಾಧಿಕಾರಿಗಳು ಅದನ್ನು ತಡೆಯಲು ಹೋಗಿ ವೈರವನ್ನು ಕಟ್ಟಿಕೊಳ್ಳುತ್ತಿದ್ದರು. ತರಗು ಮಾತ್ರ ವರ್ಷವರ್ಷಕ್ಕೂ ಬೆಳೆಯುತ್ತ ಬಂದಿತು.

೧೯೩೯ನೆಯ ಇಸವಿ ಜನವರಿ ೧೩, ಶುಕ್ರವಾರ. ಅಂದು ಮೆಲ್ಬರ್ನ್ ನಗರದ ತಾಪವು ೪೫.೬ ಡಿಗ್ರಿ ಸೆಂಟಿಗ್ರೇಡಿಗೆ ಏರಿತು. ಅದಕ್ಕೆ ಮೊದಲೇ ಕಾಡಿನಲ್ಲಿ ಅಲ್ಲಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗಳು ಬಿರುಗಾಳಿಗೆ ಸಿಕ್ಕಿ ಒಂದುಗೂಡಿದುವು. ನಡುಹಗಲಿನಲ್ಲಿ ಕತ್ತಲು ಕವಿಯಿತು. ಒಟ್ಟು ೭೧ ಜನರು ಸತ್ತರು. ೬೯ ಮಿಲ್ಲುಗಳು ಸುಟ್ಟುವು. ಸುಮಾರು ೨೦ ಲಕ್ಷ ಹೆಕ್ಟೇರು ನೆಲ ಉರಿದುಹೋಯಿತು. ಮ್ಯಾಟ್‌ಲಾಕ್ ಎಂಬಲ್ಲಿಯ ಒಂದು ಮಿಲ್ಲಿನಲ್ಲಿ ಹದಿನೈದು ಜನರು ಮಡಿದರು. ಅಲ್ಲಿದ್ದವರಲ್ಲಿ ಒಬ್ಬನು ಮಾತ್ರ ಬದುಕಿದನು. ನೆಲವನ್ನು ಅಗೆದು ಅಡಗುಗುಂಡಿಗಳನ್ನು ಮಾಡಿಕೊಂಡಿದ್ದ ಮಿಲ್ಲುಗಳಲ್ಲಿ ಅನೇಕರು ಉಳಿದರು. ಗುಂಡಿಯಿಲ್ಲದ ಕಡೆಗಳಲ್ಲಿ ಓಡಲು ದಾರಿಯಿರಲಿಲ್ಲ. ಇದ್ದ ಮರದ ಹಳಿಯೂ ಉರಿಯುತ್ತಿದ್ದಿತು.

ವಿಚಾರಣೆಗೆಂದು ನ್ಯಾಯಾಧೀಶ ಲಿಯೊನಾರ್ಡ್ ಸ್ಟ್ರೆಟನ್ ಅವರನ್ನು ರಾಯಲ್ ಕಮಿಷನರಾಗಿ ಸರ್ಕಾರವು ನೇಮಿಸಿತು. ಬೆಂಕಿಯ ಬಿಸಿ ಆರುವ ಮೊದಲೇ ಅವರು ಕಾಡೂರುಗಳಿಗೆ ಹೋಗಿ ಮಿಲ್ಲಿನವರು, ದನಗಾಹಿಗಳು, ಅರಣ್ಯಾಧಿಕಾರಿಗಳು ಎಲ್ಲರ ಸಾಕ್ಷ್ಯವನ್ನೂ ಕೇಳಿದರು. ೧೯೩೯ರ ಮೇ ತಿಂಗಳಲ್ಲಿ ಅವರು ಒಪ್ಪಿಸಿದ ವರದಿಯು ಗದ್ಯದ ಘನತೆಯಿಂದ ಮುಂದೆ ವಿದ್ಯಾರ್ಥಿಗಳಿಗೆ ಪಠ್ಯವೂ ಆಯಿತು. ಸರ್ಕಾರದ ವರದಿಯೊಂದು ಸಾಹಿತ್ಯವೆನಿಸುವುದು ಎಲ್ಲ ದೇಶಗಳಲ್ಲಿಯೂ ಅಪರೂಪ. ಅದರ ತೀರ್ಪು ಕಠಿನವಾದುದು. ಈ ಬೆಂಕಿಯನ್ನು ಹಚ್ಚಿದುದು ಮನುಷ್ಯನ ಕೈಯೇ. ದೋಷವು ಯಾವ ಒಬ್ಬನ ಮೇಲೂ ನಿಲ್ಲದೆ ಎಲ್ಲರ ಅಜಾಗರೂಕತೆಯಲ್ಲಿ ಹರಡಿದೆ ಎಂಬುದೇ ಅದರ ಸಾರ. ಕಾಡಿನಲ್ಲಿ ದಾರಿಗಳನ್ನು ಕಡಿಯಬೇಕು, ನೀರಿನ ಕಟ್ಟೆಗಳನ್ನು ಕಟ್ಟಬೇಕು, ಮಿಲ್ಲುಗಳಲ್ಲಿ ಅಡಗುಗುಂಡಿಗಳಿರಬೇಕು, ತಕ್ಕ ಕಾಲದಲ್ಲಿ ಹತೋಟಿಯ ಬೆಂಕಿಯಿಂದ ತರಗನ್ನು ಸುಡಬೇಕು ಎಂದು ಅವರು ವಿಧಿಸಿದರು. ಕೊನೆಯದು ಮೂಲನಿವಾಸಿಗಳು ಮಾಡುತ್ತಿದ್ದುದೇ ಎಂಬುದನ್ನು ವಾಚಕರು ಗಮನಿಸಿರಬಹುದು.

ಅಲ್ಲಿಂದ ಮುಂದೆ ಬೆಂಕಿದಾರಿಯ ಯುಗ. ಸತ್ತು ನಿಂತಿದ್ದ ಮರಗಳು ಕೊಳೆಯುವ ಮೊದಲೇ ಅವನ್ನು ಹೊರಕ್ಕೆ ಸಾಗಿಸಲು ರಸ್ತೆಗಳು ಬೇಕಾದುವು. ಬುಲ್‌ಡೋಜರು ಎಂಬ ಯಂತ್ರವು ನೂರು ಗುದ್ದಲಿಗಳ ಕೆಲಸವನ್ನು ಮಾಡತೊಡಗಿತು. ಮಿಲ್ಲುಗಳು ಕಾಡನ್ನು ಬಿಟ್ಟು ಊರುಗಳಿಗೆ ಬಂದುವು. ಮರವೇ ಲಾರಿಗಳಲ್ಲಿ ಮಿಲ್ಲಿಗೆ ಬರಲಾರಂಭಿಸಿತು. ೧೯೪೪ರ ಬೆಂಕಿಗಳ ತರುವಾಯ ಸ್ಟ್ರೆಟನ್ನರೇ ಎರಡನೆಯ ವಿಚಾರಣೆಯನ್ನು ನಡೆಸಿದರು. ಅದರ ಫಲವಾಗಿ ಗ್ರಾಮಾಂತರಗಳ ಬೆಂಕಿಪಡೆಗಳೆಲ್ಲ ಒಂದು ಅಧಿಕಾರದ ಕೆಳಗೆ ಬಂದುವು. ನ್ಯೂ ಸೌತ್ ವೇಲ್ಸಿನಲ್ಲಿ ೧೯೪೯ರಲ್ಲಿ ಕಾಡುಗಿಚ್ಚಿನ ಕಾಯಿದೆಯಾಯಿತು.

ಬೆಂಕಿದಾರಿಯ ಕೆಲಸವೇನೆಂಬುದನ್ನು ಇಲ್ಲಿ ಹೇಳಬೇಕು. ದಾರಿಯೊಂದೇ ದೊಡ್ಡ ಬೆಂಕಿಯನ್ನು ತಡೆಯಲಾರದು. ಗಾಳಿಗೆ ಹಾರಿದ ತೊಗಟೆಯ ಕೊಳ್ಳಿಗಳು ಹಲವು ಮೈಲಿಗಳಾಚೆಗೂ ಬಿದ್ದು ಹೊಸ ಬೆಂಕಿಯನ್ನು ಹೊತ್ತಿಸುವುವು. ದಾರಿಯ ಮೊದಲನೆಯ ಪ್ರಯೋಜನವು ಬೆಂಕಿ ಸಣ್ಣದಾಗಿರುವಾಗಲೇ ಮನುಷ್ಯರೂ ನೀರೂ ಅಲ್ಲಿಗೆ ತಲುಪುವುದು. ಎರಡನೆಯದು, ಆ ಗೆರೆಯಿಂದ ಹೊರಟು ಬರುತ್ತಿರುವ ಬೆಂಕಿಯ ಕಡೆಗೆ ಎದುರುಬೆಂಕಿಯನ್ನು ಕೊಟ್ಟು, ಅದಕ್ಕೆ ತಿನ್ನಲು ಏನೂ ಉಳಿಯದಂತೆ ಮಾಡುವುದು. ಮೂರನೆಯದು, ಹೋದವರು ಹಿಂದಿರುಗುವುದು. ಇಳಿಜಾರನ್ನು ಏರುವ ಬೆಂಕಿಯ ವೇಗವು ಪ್ರತಿ ಹತ್ತು ಡಿಗ್ರಿಗೆ ಸುಮಾರು ಇಮ್ಮಡಿಯಾಗುವುದು. ನೆತ್ತಿಯನ್ನು ದಾಟಿ ಇಳಿಯುವಾಗ ಅದು ನಿಧಾನವಾಗುವುದು. ಆದಕಾರಣ ಏಣಿನ ಮೇಲಣ ದಾರಿಯೇ ಹೋರಾಟಕ್ಕೆ ಅನುಕೂಲವಾದುದು.

ಇಂತಹ ಕಡಿದಾದ ಮಣ್ಣುದಾರಿಯಲ್ಲಿ ಸಾಧಾರಣ ಮೋಟಾರು ನಡೆಯದು. ಅದರಲ್ಲಿ ಎಂಜಿನಿನ ಬಲವು ಎರಡು ಚಕ್ರಗಳಿಗೆ ಮಾತ್ರ ಸಲ್ಲುವುದು. ಅವು ಕೆಸರಿನಲ್ಲಿ ಜಾರಿದರೆ ಬಂಡಿ ಹೂತಿತೆಂದೇ ಅರ್ಥ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ ಜೀಪಿನಲ್ಲಿಯೂ, ೧೯೪೮ರಲ್ಲಿ ಇಂಗ್ಲೆಂಡಿನಿಂದ ಬಂದ ಲ್ಯಾಂಡ್ ರೋವರಿನಲ್ಲಿಯೂ, ಬಲವು ನಾಲ್ಕು ಚಕ್ರಗಳಿಗೂ ಹಂಚಿಕೆಯಾಗುವುದು. ಜೊತೆಗೆ ಇನ್ನೊಂದು ಕೆಳಗಣ ಗೇರಿನ ಸಾಲಿರುವುದರಿಂದ ಬಂಡಿಯು ಆನೆಯಂತೆ ಮೆಲ್ಲಮೆಲ್ಲನೆ ಏರುವುದು. ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಎಂಜಿನಿನ ಹಿಡಿತದಿಂದಲೇ ಇಳಿಯುವುದು. ೧೯೪೯ರಲ್ಲಿ ಪ್ರಾರಂಭವಾದ ಸ್ನೋಯಿ ಪರ್ವತಗಳ ಜಲವಿದ್ಯುತ್ ಕಾರ್ಯದಲ್ಲಿ ಇಂತಹ ಬಂಡಿಗಳು ಬಹಳವಾಗಿ ದುಡಿದುವು.

ಬಂಡಿಗಳು ಸಾಮಾನ್ಯ ಗೃಹಸ್ಥರ ಕೈಗೆ ಬಂದ ಮೇಲೆ ಬೆಂಕಿದಾರಿಗಳು ವಿಹಾರದ ದಾರಿಗಳೂ ಆದುವು. ರಜೆಯ ದಿನಗಳಲ್ಲಿ ಸಂಸಾರ ಸಮೇತರಾಗಿ ಬೆಟ್ಟದ ನೆತ್ತಿಗೆ ಹೋಗಿ ಡೇರೆ ಹಾಕುವುದು ಅಲ್ಲಿಯವರಿಗೆ ಪ್ರಿಯವಾದ ವಾಡಿಕೆ. ಸಂಘಗಳನ್ನು ಕಟ್ಟಿಕೊಂಡು, ಬಿರುಗಾಳಿಗೆ ಉರುಳಿದ ಮರಗಳನ್ನು ಕಡಿದು ದಾರಿಯನ್ನು ತೆರವು ಮಾಡುವವರೂ ಅವರಲ್ಲಿದ್ದಾರೆ. ಆದರೆ ಉಪಕಾರದ ಹಿಂದೆ ಅಪಕಾರವೂ ಉಂಟು. ಒದ್ದೆ ನೆಲದಲ್ಲಿ ಚಕ್ರವು ಕೊರೆದ ಗೀರು ಮಳೆಗಾಲದಲ್ಲಿ ಕಾಲುವೆಯಾಗಿ, ಮಣ್ಣೆಲ್ಲ ಹೊಳೆಯ ಪಾಲಾಗುವುದು. ಇದಕ್ಕಾಗಿಯೇ ದಾರಿಗೆ ಅಡ್ಡಲಾಗಿ ದಿಣ್ಣೆಗಳನ್ನು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸುವರು. ವಿಕ್ಟೋರಿಯದ ಎತ್ತರದ ಬೆಟ್ಟಗಳಲ್ಲಿ ಜೂನಿನಿಂದ ಅಕ್ಟೋಬರಿನವರೆಗೆ ಅನೇಕ ದಾರಿಗಳಿಗೆ ಗೇಟು ಹಾಕುವರು. ಇದಕ್ಕಿಂತ ಸೂಕ್ಷ್ಮವಾದ ಕೇಡು ಇನ್ನೊಂದು. ಪಶ್ಚಿಮ ಆಸ್ಟ್ರೇಲಿಯದ ಜಾರಾ ಮರಗಳು ದಶಕಗಳ ಕಾಲ ನಿಂತಲ್ಲಿಯೇ ಒಣಗುತ್ತಿದ್ದುವು. ಅದಕ್ಕೆ ಫೈಟಾಫ್ತೊರ ಎಂಬ, ಬೇರನ್ನು ಕೊಳೆಸುವ ಅತಿಸೂಕ್ಷ್ಮ ಜೀವಿ ಕಾರಣವೆಂದು ೧೯೬೫ರಲ್ಲಿ ಗೊತ್ತಾಯಿತು. ರಸ್ತೆಗೆ ಹಾಕಿದ ಜಲ್ಲಿಯೂ ಚಕ್ರಕ್ಕೆ ಅಂಟಿದ ಮಣ್ಣೂ ಅದನ್ನು ಕಾಡಿನಿಂದ ಕಾಡಿಗೆ ಹೊತ್ತು ಒಯ್ದಿದ್ದುವು. ಕಾಡನ್ನು ಉಳಿಸಲೆಂದು ಮಾಡಿದ ದಾರಿಯೇ ಕಾಡಿಗೆ ರೋಗದ ದಾರಿಯಾಯಿತು.

ಕಾಪಾಡಬೇಕಾದ ದಾರಿಯು ಕೊಂದುದೂ ಉಂಟು. ೧೯೯೮ರ ಡಿಸೆಂಬರ್ ೨ರಂದು ವಿಕ್ಟೋರಿಯದ ಲಿಂಟನ್ ಎಂಬ ಊರಿನ ಬಳಿ ಸ್ವಯಂಸೇವಕರ ಒಂದು ನೀರಿನ ಲಾರಿ ಕಾಡಿನೊಳಗಿನ ದಾರಿಯಲ್ಲಿದ್ದಾಗ ಗಾಳಿ ಫಕ್ಕನೆ ದಿಕ್ಕು ಬದಲಿಸಿತು. ಪಕ್ಕದಲ್ಲಿ ಉರಿಯುತ್ತಿದ್ದ ಬೆಂಕಿ ಎದುರಿಗೆ ತಿರುಗಿ, ಐವರೂ ಮಡಿದರು. ತಮ್ಮ ರಕ್ಷಣೆಗಾಗಿ ಸ್ವಲ್ಪ ನೀರನ್ನು ಯಾವಾಗಲೂ ಉಳಿಸಿಕೊಂಡಿರಬೇಕೆಂಬ ನಿಯಮವು ಆ ಬಳಿಕ ಬಲವಾಯಿತು. ೨೦೦೯ರ ಫೆಬ್ರವರಿ ೭ರಂದು ಮೆಲ್ಬರ್ನಿನ ತಾಪವು ೪೬.೪ ಡಿಗ್ರಿಗೆ ಏರಿ ೧೯೩೯ರ ದಾಖಲೆಯನ್ನೂ ಮೀರಿತು. ಅಂದಿನ ಬೆಂಕಿಗಳಲ್ಲಿ ೧೭೩ ಜನರು ಸತ್ತರು. ಕಿಂಗ್‌ಲೇಕ್, ಮೇರೀಸ್‌ವಿಲ್ ಮೊದಲಾದ ಊರುಗಳಿಗೆ ಒಳ್ಳೆಯ ರಸ್ತೆಗಳಿದ್ದುವು. ೧೯೩೯ರಲ್ಲಿ ಕನಸಿನಲ್ಲಿಯೂ ಕಾಣದ ಯಂತ್ರಗಳೂ ಇದ್ದುವು. ಆದರೂ ಆ ಊರುಗಳು ಉಳಿಯಲಿಲ್ಲ.

ಹಾಗಾದರೆ ದಾರಿಗಳು ವ್ಯರ್ಥವೋ? ಹಾಗೆ ಹೇಳಲಾಗದು. ದಾರಿ ಸಿಕ್ಕದೆ ಸತ್ತ ಮಿಲ್ಲಿನವರ ಮುಂದೆ ಆ ಮಾತನ್ನು ಆಡುವುದು ಅನ್ಯಾಯ. ಆದರೆ ದಾರಿ ಎಂಬುದು ಸಾಧನ ಮಾತ್ರ. ಯಾವ ಕಾಲದಲ್ಲಿ, ಯಾವ ಗಾಳಿಯಲ್ಲಿ, ಎಷ್ಟು ಬೆಂಕಿ ಕಾಡಿಗೆ ಹಿತವೆಂಬ ಅರಿವು ಬೇರೆಯೇ ವಿದ್ಯೆ. ಮೌಂಟನ್ ಆಷ್ ಮರವು ಬೆಂಕಿಗೆ ಸತ್ತರೂ ಬೂದಿಯ ಮೇಲೆ ಉದುರಿದ ಬೀಜದಿಂದ ಮತ್ತೆ ಹುಟ್ಟುವುದು. ಆದರೆ ಆ ಸಸಿಗಳು ಬೀಜ ಬಿಡಲು ಹದಿನೈದು ಇಪ್ಪತ್ತು ವರ್ಷಗಳಾದರೂ ಬೇಕು. ಅಷ್ಟರೊಳಗೆ ಇನ್ನೊಂದು ಬೆಂಕಿ ಬಂದರೆ ಆ ಕಾಡು ಮತ್ತೆ ಏಳದು. ಒಂದು ಕಾಡಿಗೆ ಹಿತವಾದುದು ಇನ್ನೊಂದಕ್ಕೆ ಮರಣವೆಂಬುದನ್ನು ನೆಲದ ಮೇಲೆ ನಡೆದಾಡಿದವರೇ ಬಲ್ಲರು. ಆ ವಿದ್ಯೆಯ ವಾರಸುದಾರರಾದ ಮೂಲನಿವಾಸಿ ಹಿರಿಯರನ್ನು ಅಲ್ಲಿಯ ಅಧಿಕಾರಿಗಳು ಈಚೆಗೆ ಕೇಳತೊಡಗಿದ್ದಾರೆ. ೨೦೧೯ರಲ್ಲಿ ವಿಕ್ಟೋರಿಯದ ಮೂಲನಿವಾಸಿಗಳು ತಮ್ಮ ಬೆಂಕಿಯ ಸಂಪ್ರದಾಯದ ಪುನರುಜ್ಜೀವನಕ್ಕಾಗಿ ಒಂದು ಕಾರ್ಯನೀತಿಯನ್ನು ಪ್ರಕಟಿಸಿದರು. ಮಿಚೆಲ್ಲನು ಬರೆದ ಮಾತು ಕಿವಿಗೆ ಬೀಳಲು ೧೭೧ ವರ್ಷಗಳು ಹಿಡಿದುವು.

ಈ ಕಥೆಯನ್ನು ಪರದೇಶದ್ದೆಂದು ನಾವು ದೂರವಿಡುವಂತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲಿ ಹಚ್ಚುತ್ತಿದ್ದ ಸಣ್ಣ ಬೆಂಕಿಗೆ ‘ತರಗು ಬೆಂಕಿ’ ಎಂದು ಹೆಸರು. ೧೯೭೪ರಲ್ಲಿ ಆ ಬೆಟ್ಟವು ವನ್ಯಜೀವಿಧಾಮವಾದ ಬಳಿಕ ಅದು ನಿಂತಿತು. ಲಂಟಾನ ಪೊದೆಯು ಕಾಡನ್ನು ಮುತ್ತಿದುದಕ್ಕೆ ಇದೂ ಒಂದು ಕಾರಣವೆಂದು ಸೋಲಿಗರು ಹೇಳುವರು. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹೊತ್ತಿ ಉರಿದಾಗ ಬೆಂಕಿರೇಖೆಗಳ ಮಾತು ನಮ್ಮಲ್ಲಿಯೂ ಎಲ್ಲರ ಬಾಯಲ್ಲಿ ಬಂದಿತು. ತರಗು ಬೆಂಕಿಯ ಮಾತನ್ನು ಆಡಿದವರು ಕೆಲವರೇ. ದಾರಿಯನ್ನು ಕಡಿಯುವುದು ಯಂತ್ರದಿಂದ ಸಾಧ್ಯ. ಆ ದಾರಿಯಲ್ಲಿ ಯಾರನ್ನು ಮುಂದಿಟ್ಟುಕೊಂಡು ನಡೆಯಬೇಕೆಂಬುದನ್ನು ಮಾತ್ರ ನಾವೇ ನಿಶ್ಚಯಿಸಬೇಕು; ಅದನ್ನು ಮುಂದಣ ಬೇಸಗೆಗೆ ಮುನ್ನವೇ ನಿಶ್ಚಯಿಸುವುದು ಒಳ್ಳೆಯದು.