ಆಮ್ಲಬಲದ ಅಳತೆಯೂ ರೇಷ್ಮೆಯ ಸಾಬೂನುನೀರೂ

ಸೋಲೂರಿನಿಂದ ಮಾಗಡಿ, ರಾಮನಗರಗಳ ಕಡೆಗೆ ಹೊರಟವರು ಹಿಪ್ಪುನೇರಳೆಯ ತೋಟಗಳನ್ನು ಕಾಣದಿರಲಾರರು. ಮೈಸೂರು ಸೀಮೆಯಲ್ಲಿ ರೇಷ್ಮೆ ನೆಲೆಗೊಂಡುದು ಟಿಪ್ಪುಸುಲ್ತಾನನ ಕಾಲದಲ್ಲಿ. ಆ ನೂಲನ್ನು ಹದಗೊಳಿಸುವ ಕ್ರಮದಲ್ಲಿ ಸಾವಯವ ರಸಾಯನಶಾಸ್ತ್ರದ ಒಂದು ಮುಖ್ಯ ತತ್ತ್ವ ಅಡಗಿದೆ. ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇಲ್ಲಿಂದ ತೊಡಗುವುದೇ ಲೇಸೆಂದು ನಾವು ಭಾವಿಸುತ್ತೇವೆ.

ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಸಾಬೂನು, ಸೋಡ ಬೆರೆಸಿದ ನೀರಿನಲ್ಲಿ ಕಾಯಿಸಿ ಅದನ್ನು ಕಳೆಯುವರು. ತೊಳೆದ ನೂಲನ್ನು ಬಳಿಕ ತೆಳುವಾದ ಅಸಿಟಿಕ್ ಅಥವಾ ಟಾರ್ಟಾರಿಕ್ ಆಮ್ಲದಲ್ಲಿ ಅದ್ದಿದರೆ, ಹಿಸುಕಿದಾಗ ಸರಸರನೆ ಸದ್ದುಮಾಡುವ ಗುಣ ಬರುತ್ತದೆ. (ಟಾರ್ಟಾರಿಕ್ ಆಮ್ಲವೆಂದರೆ ನಮ್ಮ ಹುಣಿಸೆಯ ಹುಳಿಯೇ.) ಆದರೆ ಸಾಬೂನು ಪೂರ್ತಿ ಹೋಗದೆ ಉಳಿದಿದ್ದರೆ ನೂಲಿನ ಮೇಲೆ ಜಿಡ್ಡು ಕೂರುತ್ತದೆ. ಇದೇಕೆ?

ಸಾಬೂನು ಕೊಬ್ಬಿನಾಮ್ಲಗಳ ಲವಣವೆಂಬುದನ್ನು ಫ್ರಾನ್ಸಿನ ಷೆವ್ರೂಲ್ ತನ್ನ 1823ರ ಗ್ರಂಥದಲ್ಲಿ ವಿಶದಪಡಿಸಿದ್ದನು. ಯಾವ ಆಮ್ಲವು ಯಾವುದನ್ನು ಲವಣದಿಂದ ಹೊರದೂಡೀತೆಂಬುದು ಮಾತ್ರ ಬಹುಕಾಲ ಅನುಭವದ ಮಾತಾಗಿಯೇ ಉಳಿಯಿತು. 1887ರಲ್ಲಿ ಅರೇನಿಯಸನು ಅಯಾನುಗಳ ಸಿದ್ಧಾಂತವನ್ನು ಮಂಡಿಸಿದನು. ಮರುವರ್ಷವೇ ಓಸ್ಟ್‌ವಾಲ್ಡನ ನಿಯಮದಿಂದ ಆಮ್ಲಬಲಕ್ಕೆ ಒಂದು ಸಂಖ್ಯೆ ದೊರೆಯಿತು. 1923ರಲ್ಲಿ ಬ್ರನ್‌ಸ್ಟೆಡ್, ಲೌರಿ ಇಬ್ಬರೂ ಪ್ರತ್ಯೇಕವಾಗಿ, ಆಮ್ಲವು ಪ್ರೋಟಾನನ್ನು ಕೊಡುವುದೆಂದೂ ಪ್ರತ್ಯಾಮ್ಲವು ಕೊಳ್ಳುವುದೆಂದೂ ಹೇಳಿದರು. ಅಲ್ಲಿಗೆ ಇಂತಹ ಪ್ರತಿಯೊಂದು ಕ್ರಿಯೆಯೂ ಎರಡು ಆಮ್ಲಗಳ ನಡುವಣ ಸ್ಪರ್ಧೆಯಾಯಿತು: ದುರ್ಬಲವಾದ ಆಮ್ಲ ಹುಟ್ಟುವ ಕಡೆಗೇ ಸಮತೋಲ ವಾಲುತ್ತದೆ. ಪಿ.ಕೆ.ಎ. ಅಂಕ ಕಡಮೆಯಾದಷ್ಟೂ ಬಲ ಹೆಚ್ಚು. ಒಂದಂಕದ ಅಂತರಕ್ಕೆ ಹತ್ತು ಪಟ್ಟು.

ಅಸಿಟಿಕ್ ಆಮ್ಲಕ್ಕೆ 4.76, ಕಾರ್ಬಾನಿಕ್ ಆಮ್ಲಕ್ಕೆ 6.35, ಫೀನಾಲಿಗೆ ಸುಮಾರು 10. ಆದುದರಿಂದ ಅಡಿಗೆ ಸೋಡದ ದ್ರಾವಣದಲ್ಲಿ ಅಸಿಟಿಕ್ ಆಮ್ಲ ನೊರೆಯೆಬ್ಬಿಸುತ್ತದೆ, ಫೀನಾಲು ಎಬ್ಬಿಸದು; ಕಾಸ್ಟಿಕ್ ಸೋಡದಲ್ಲಿ ಎರಡೂ ಲವಣವಾಗುತ್ತವೆ. ಪ್ರಯೋಗಶಾಲೆಯಲ್ಲಿ ಮಿಶ್ರಣಗಳನ್ನು ಬೇರ್ಪಡಿಸಲು ವಿದ್ಯಾರ್ಥಿಗಳು ನೆಚ್ಚುವುದು ಇದನ್ನೇ.

ಇನ್ನು ಜಿಡ್ಡಿನ ಪ್ರಶ್ನೆ. ಟಾರ್ಟಾರಿಕ್ ಆಮ್ಲದ ಮೊದಲ ಅಂಕ ಸುಮಾರು 3. ಕೊಬ್ಬಿನಾಮ್ಲಗಳದು 5ರ ಆಸುಪಾಸು. ಅದು ಇವನ್ನು ಸಾಬೂನಿನಿಂದ ಬಿಡಿಸುವುದು ಸಹಜ. ಅಸಿಟಿಕ್ ಆಮ್ಲದ ವಿಷಯದಲ್ಲಿ ಅಂಕಗಳು ಬಹುಮಟ್ಟಿಗೆ ಸಮ; ಪಟ್ಟಿಯನ್ನಷ್ಟೇ ನಂಬಿದರೆ ಕ್ರಿಯೆ ನಡುದಾರಿಯಲ್ಲಿ ನಿಲ್ಲಬೇಕು. ಹಾಗಾಗುವುದಿಲ್ಲ. ಕೊಬ್ಬಿನಾಮ್ಲ ನೀರಿನಲ್ಲಿ ಕರಗದು. ಹುಟ್ಟಿದಂತೆಲ್ಲ ದ್ರಾವಣವನ್ನು ಬಿಟ್ಟು ನೂಲಿಗಂಟುತ್ತದೆ, ಸಮತೋಲವು ಅತ್ತಲೇ ಸರಿಯುತ್ತದೆ. ಆಮ್ಲಬಲದ ಪಟ್ಟಿಯನ್ನು ಕೊಡುವ ಪಠ್ಯಗಳು ಈ ಮಾತನ್ನು ಒತ್ತಿ ಹೇಳಬೇಕಾಗಿತ್ತು. ಆಮ್ಲದಲ್ಲಿ ಅದ್ದುವ ಮುನ್ನ ನೂಲನ್ನು ಮತ್ತೆಮತ್ತೆ ಜಾಲಿಸುವುದು ಇದಕ್ಕಾಗಿಯೇ. ಸಲ್ಫೋನಿಕ್ ಆಮ್ಲದ ಲವಣಗಳಾದ ಮಾರ್ಜಕಗಳಲ್ಲಿ ಈ ತೊಡಕಿಲ್ಲ; ಆ ಆಮ್ಲ ಅಸಿಟಿಕ್ ಆಮ್ಲಕ್ಕಿಂತ ಎಷ್ಟೋ ಪಟ್ಟು ಬಲವಾದುದು.